ಶಿರಸಿಯಲ್ಲಿ ಕೂತು ಟ್ರಾಟಿಂಗ್ ರೇಸ್ ಓದುವ ಬಗೆ: ನನ್ನ ಅನುಭವ

ಕುದುರೆ ರೇಸ್ ಎಂದ ಕೂಡಲೇ ನಮ್ಮವರಿಗೆ ನೆನಪಾಗುವುದು ಬೆಂಗಳೂರು, ಮೈಸೂರಿನ ನಾಗಾಲೋಟ. ನಾನು ಹೆಚ್ಚಾಗಿ ನೋಡುವುದು ಫ್ರಾನ್ಸ್, ಸ್ವೀಡನ್, ಅಮೆರಿಕದ ಹಾರ್ನೆಸ್ ರೇಸ್. ಇಲ್ಲಿ ಕುದುರೆಯ ಹಿಂದೆ ಸಲ್ಕಿ ಎಂಬ ಎರಡು ಚಕ್ರದ ಹಗುರ ಗಾಡಿ ಇರುತ್ತದೆ, ಡ್ರೈವರ್ ಅದರಲ್ಲಿ ಕೂರುತ್ತಾನೆ. ಕುದುರೆ ಟ್ರಾಟ್ ಅಥವಾ ಪೇಸ್ ಎಂಬ ಲಯದಲ್ಲೇ ಓಡಬೇಕು, ನಾಗಾಲೋಟಕ್ಕೆ ಬಿದ್ದರೆ ತಪ್ಪು. ಬಾಜಿ ಕಟ್ಟುವ ಗೋಜಿಗೆ ನಾನು ಹೋಗುವುದಿಲ್ಲ. ಆಟವನ್ನು ಆಟವಾಗಿ ನೋಡಲು ಒಂದು ನೋಟ್‌ಬುಕ್, ಒಂದು ಮೊಬೈಲ್ ಸಾಕು. ಯಾವ ಕುದುರೆ ಎಷ್ಟನೆಯದಾಗಿ ಬಂತು ಎನ್ನುವುದರಿಂದ ತಿಳಿಯುವುದು ತೀರಾ ಕಡಿಮೆ. ಅದು ಹೇಗೆ ಓಡಿ ಆ ಸ್ಥಾನಕ್ಕೆ ಬಂತು ಎಂದು ಓದಲು ಬಂದರೆ ಮುಂದಿನ ರೇಸಿನ ಅಂದಾಜು ತಾನಾಗಿ ಸಿಗುತ್ತದೆ.

ಮೊದಲು ಕಾಲು ನೋಡಲು ಕಲಿಯಬೇಕು. ಟ್ರಾಟರ್ ಕುದುರೆಯ ಮುಂದಿನ ಎಡಗಾಲು, ಹಿಂದಿನ ಬಲಗಾಲು ಒಟ್ಟಿಗೆ ಏಳುತ್ತವೆ. ಆಮೇಲೆ ಉಳಿದ ಜೋಡಿ. ಪೇಸರ್ ಕುದುರೆಯದು ಒಂದೇ ಬದಿಯ ಎರಡು ಕಾಲು ಒಟ್ಟಿಗೆ. ಬಹುತೇಕ ಪೇಸರ್‌ಗಳಿಗೆ ಅದೇ ಬದಿಯ ಮುಂಗಾಲು ಹಿಂಗಾಲು ಸೇರಿಸಿ ಪಟ್ಟಿಯ ಕುಣಿಕೆ ಹಾಕಿರುತ್ತಾರೆ, ಹಾಗಾಗಿ ಲಯ ತಪ್ಪುವುದು ಕಡಿಮೆ. ಫ್ರಾನ್ಸ್, ಸ್ವೀಡನ್, ಇಟಲಿಯಲ್ಲಿ ಟ್ರಾಟ್‌ನದೇ ರಾಜ್ಯಭಾರ. ಅಮೆರಿಕ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಪೇಸರ್‌ಗಳೇ ಜಾಸ್ತಿ. ವಿಡಿಯೊದ ವೇಗವನ್ನು ಕಾಲುಭಾಗಕ್ಕೆ ಇಳಿಸಿ ಒಂದೇ ಕುದುರೆಯನ್ನು ಶುರುವಿನಿಂದ ಕೊನೆವರೆಗೆ ನೋಡಿ. ಲಯ ತಪ್ಪುವ ಮುನ್ನ ತಲೆ ಮೇಲಕ್ಕೆ ಬರುತ್ತದೆ, ಹೆಜ್ಜೆ ಗಿಡ್ಡವಾಗುತ್ತದೆ, ಡ್ರೈವರ್ ಹಿಂದಕ್ಕೆ ವಾಲಿ ಲಗಾಮು ಬಿಗಿ ಹಿಡಿಯುತ್ತಾನೆ. ಸ್ಟಾರ್ಟಿನ ಹುರುಪಿನಲ್ಲಿ, ತಿರುವಿನಲ್ಲಿ, ಗುಂಪಿನಿಂದ ಹೊರಗೆಳೆದು ಒಮ್ಮೆಲೇ ವೇಗ ಕೇಳಿದಾಗ ಇದು ಹೆಚ್ಚು. ಯುರೋಪಿನಲ್ಲಿ ನಾಗಾಲೋಟ ಉದ್ದವಾದರೆ, ಅದರಿಂದ ಲಾಭವಾದರೆ ಡಿಸ್‌ಕ್ವಾಲಿಫೈ. ಅಮೆರಿಕದಲ್ಲಿ ಡ್ರೈವರ್ ಕುದುರೆಯನ್ನು ಬದಿಗೆ ತಂದು, ಜಾಗ ಬಿಟ್ಟುಕೊಟ್ಟು, ಲಯಕ್ಕೆ ಮರಳಿಸಬೇಕು.

ಹೊಸಬರಿಗೆ ಅತಿ ಹೆಚ್ಚು ಗೊಂದಲವಾಗುವುದು ಟೈಮಿನ ಲೆಕ್ಕದಲ್ಲಿ. ಯುರೋಪಿನಲ್ಲಿ ಇಡೀ ದೂರದ ಸಮಯವನ್ನು ಒಂದು ಕಿಲೋಮೀಟರಿಗೆ ಇಳಿಸಿ ಬರೆಯುತ್ತಾರೆ. 1.12,0 ಎಂದರೆ ಪ್ರತಿ ಕಿ.ಮೀ.ಗೆ 1 ನಿಮಿಷ 12 ಸೆಕೆಂಡ್. ಅಮೆರಿಕದವರು ಮೈಲಿಯ ಪೂರ್ತಿ ಸಮಯ ಬರೆಯುತ್ತಾರೆ. ಸೆಕೆಂಡುಗಳನ್ನು 1.609ರಿಂದ ಗುಣಿಸಿದರೆ ಒಂದು ಇನ್ನೊಂದಾಗುತ್ತದೆ: 1.09,0 ಅಂದರೆ 69 ಸೆಕೆಂಡ್, ಗುಣಿಸಿದರೆ 111, ಅಂದರೆ ಮೈಲಿಗೆ 1:51. ಅಮೆರಿಕದ ಟೈಮಿನಲ್ಲಿ ಚುಕ್ಕೆಯ ನಂತರದ ಅಂಕಿ ಐದನೇ ಒಂದು ಭಾಗದ ಲೆಕ್ಕ, ಇದನ್ನು ಮರೆಯಬಾರದು. 1:51.2 ಎಂದು ಬರೆದಿದ್ದರೆ 51 ಸೆಕೆಂಡ್ ಮತ್ತು ಐದರಲ್ಲಿ ಎರಡು, ಅಂದರೆ 51.4. ಆಗ 111.4 ಭಾಗಿಸು 1.609, ಉತ್ತರ 69.2, ಯುರೋಪಿನ ಬರವಣಿಗೆಯಲ್ಲಿ 1.09,2. ಈ ಪರಿವರ್ತನೆಯನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ 1.08ರಿಂದ 1.16ವರೆಗೆ ಕೋಷ್ಟಕ ಮಾಡಿ ಅಂಟಿಸಿಕೊಂಡಿದ್ದೇನೆ.

ಟೈಮನ್ನು ಟೈಮಿನ ಜೊತೆ ಹೋಲಿಸುವ ಮೊದಲು ಸ್ಟಾರ್ಟ್ ಯಾವುದು ಎಂದು ನೋಡಬೇಕು. ಆಟೋಸ್ಟಾರ್ಟ್‌ನಲ್ಲಿ ಎರಡೂ ಬದಿಗೆ ಗೇಟಿನಂಥ ರೆಕ್ಕೆ ಬಿಚ್ಚಿ ಮುಂದೆ ಓಡುವ ಕಾರಿನ ಹಿಂದೆ ಕುದುರೆಗಳು ವೇಗ ಕೂಡಿಸಿಕೊಂಡೇ ಗೆರೆ ದಾಟುತ್ತವೆ. ವೋಲ್ಟ್ ಸ್ಟಾರ್ಟ್‌ನಲ್ಲಿ ಸುತ್ತು ತಿರುಗಿ ಬಂದು ಹೆಚ್ಚುಕಡಿಮೆ ನಿಂತಲ್ಲಿಂದ ಹೊರಡಬೇಕು, ಹಾಗಾಗಿ ಟೈಮ್ ನಿಧಾನ. ಸ್ವೀಡನ್‌ನ ಪಟ್ಟಿಯಲ್ಲಿ ಟೈಮಿನ ಪಕ್ಕ ‘ಎ’ ಅಕ್ಷರ ಇದ್ದರೆ ಆಟೋಸ್ಟಾರ್ಟ್. ನಾಗಾಲೋಟದ ರೇಸಿನಲ್ಲಿ ಬಲವಾದ ಕುದುರೆಗೆ ಹೆಚ್ಚು ತೂಕ ಹೊರಿಸಿ ಸಮ ಮಾಡುತ್ತಾರೆ. ಟ್ರಾಟ್‌ನಲ್ಲಿ ಹೆಚ್ಚು ಬಹುಮಾನದ ಹಣ ಗಳಿಸಿದ ಕುದುರೆಯನ್ನು ಹಿಂದಿನ ಗೆರೆಯಿಂದ ಬಿಡುತ್ತಾರೆ, ಸ್ವೀಡನ್‌ನಲ್ಲಿ 20 ಮೀಟರ್, ಫ್ರಾನ್ಸಿನಲ್ಲಿ 25 ಮೀಟರ್.

ಫ್ರೆಂಚ್ ಪಟ್ಟಿ ಓದುವುದು ನನಗೆ ತುಂಬ ಇಷ್ಟದ ಕೆಲಸ. ಕುದುರೆಯ ಹೆಸರಿನ ಪಕ್ಕ ‘1ಎ 3ಎ ಡಿಎ 5ಎ (25) 2ಎ’ ಎಂದು ಒಂದು ಸಾಲು ಇರುತ್ತದೆ. ಎಡತುದಿಯದು ತೀರಾ ಇತ್ತೀಚಿನ ರೇಸು, ಅಂಕಿ ಅಂದರೆ ಬಂದ ಸ್ಥಾನ. ‘ಎ’ ಅಂದರೆ ಸಲ್ಕಿ ಕಟ್ಟಿದ್ದು, ‘ಎಂ’ ಅಂದರೆ ಬೆನ್ನ ಮೇಲೆ ಜಾಕಿ ಕೂತ ಟ್ರಾಟ್, ‘ಡಿ’ ಅಂದರೆ ಡಿಸ್‌ಕ್ವಾಲಿಫೈ. ಕಂಸದ ಬಲಕ್ಕೆ ಇರುವವು 2025ರವು. ಅದೇ ಪಟ್ಟಿಯಲ್ಲಿ ಲಾಳದ ಅಂಕಣವೂ ಇದೆ: ‘ಡಿ4’ ಅಂದರೆ ನಾಲ್ಕು ಕಾಲಿಗೂ ಲಾಳವಿಲ್ಲ, ದೊಡ್ಡಕ್ಷರದ ‘ಡಿಎ’ ಅಂದರೆ ಮುಂಗಾಲಿಗೆ ಇಲ್ಲ, ‘ಡಿಪಿ’ ಅಂದರೆ ಹಿಂಗಾಲಿಗೆ ಇಲ್ಲ. ಓಟದ ಸಾಲಿನ ‘ಡಿಎ’ಗೂ ಲಾಳದ ‘ಡಿಎ’ಗೂ ಸಂಬಂಧವಿಲ್ಲ, ಓಟದ ಸಾಲಿನಲ್ಲಿ ‘ಎ’ ಸಣ್ಣಕ್ಷರದ್ದು.

ಲಾಳದ ಅಂಕಣವನ್ನು ನಾನು ಎಂದೂ ಬಿಡುವುದಿಲ್ಲ. ಕಾಲಿನ ತುದಿಯ ಭಾರ ಇಳಿದರೆ ಹೆಜ್ಜೆ ಚುರುಕಾಗುತ್ತದೆ, ಆದರೆ ಗೊರಸು ಸವೆಯುತ್ತದೆ. ಆದ್ದರಿಂದ ಟ್ರೇನರ್ ನಾಲ್ಕೂ ಲಾಳ ತೆಗೆಸುವುದನ್ನು ಮುಖ್ಯ ರೇಸಿಗೆ ಎಂದು ಉಳಿಸಿಕೊಳ್ಳುತ್ತಾನೆ. ಲಾಳ ಹಾಕಿ ಸುಮ್ಮನೆ ಐದು, ಆರನೆಯದಾಗಿ ಬರುತ್ತಿದ್ದ ಕುದುರೆಗೆ ‘ಡಿ4’ ಬಿದ್ದರೆ ಅಂದು ಅದು ಗೆಲ್ಲಲೆಂದೇ ಬಂದಿದೆ. ಸ್ವೀಡನ್‌ನಲ್ಲಿ ಡಿಸೆಂಬರ್ 1ರಿಂದ ಫೆಬ್ರವರಿ ಕೊನೆವರೆಗೆ ಬರಿಗಾಲಿನ ಓಟಕ್ಕೆ ಅವಕಾಶವಿಲ್ಲ. ಮಾರ್ಚ್‌ನಲ್ಲಿ ಅಲ್ಲಿನ ಟೈಮುಗಳು ದಿಢೀರನೆ ಇಳಿದದ್ದು ಕಂಡು ಕುದುರೆ ಸುಧಾರಿಸಿತು ಎಂದು ತೀರ್ಮಾನಿಸುವ ಮೊದಲು ಲಾಳ ನೋಡಿ.

ಫ್ರೆಂಚ್ ಕುದುರೆಯ ವಯಸ್ಸು ಹೆಸರಿನ ಮೊದಲ ಅಕ್ಷರದಲ್ಲೇ ಇದೆ, ಪ್ರತಿ ವರ್ಷದ ಮರಿಗಳಿಗೆ ಒಂದು ಅಕ್ಷರ. ಬೋಲ್ಡ್ ಈಗಲ್ 2011ರದು, ಫೇಸ್ ಟೈಮ್ ಬೂರ್ಬೊಂ 2015ರದು, ಇದಾವೊ ದ ತಿಯಾರ್ 2018ರದು. ಬಿ, ಎಫ್, ಐ ಎಂದು ಎಣಿಸಿದರೆ ಲೆಕ್ಕ ಕೂಡುತ್ತದೆ.

ಈ ಮೂರೂ ಎರಡೆರಡು ಬಾರಿ ಫ್ರಾನ್ಸಿನ ದೊಡ್ಡ ಟ್ರಾಟ್ ರೇಸಾದ ಪ್ರಿ ದಾಮೆರಿಕ್ ಗೆದ್ದವು. ಊರಾಜಿ ಎಂಬ ಕುದುರೆ ಅದನ್ನು ನಾಲ್ಕು ಬಾರಿ ಗೆದ್ದಿತ್ತು: 1986, 1987, 1988, ಮತ್ತೆ 1990. ಅದು ಜನವರಿಯ ಕೊನೆಯ ಭಾನುವಾರ ಪ್ಯಾರಿಸಿನ ವಿನ್ಸೆನ್ ಟ್ರ್ಯಾಕಿನಲ್ಲಿ 2,700 ಮೀಟರ್ ಓಟ. ಟ್ರ್ಯಾಕ್ ಕಪ್ಪು ಕಿಟ್ಟದ ಪುಡಿಯದು, ಸಮತಟ್ಟಾಗಿಲ್ಲ. ಇಳಿಜಾರು, ಆಮೇಲೆ ಬಯಲು, ಆಮೇಲೆ ಕೊನೆಯ ತಿರುವಿನತ್ತ ಏರು. ರೇಸ್ ತೀರ್ಮಾನವಾಗುವುದು ಆ ಏರಿನಲ್ಲಿ. ಇಳಿಜಾರಿನಲ್ಲಿ ಮುನ್ನುಗ್ಗಿದವು ಅಲ್ಲಿ ಕುಸಿಯುತ್ತವೆ. ಇನ್ನೊಂದು ಕುದುರೆಯ ಬೆನ್ನ ಹಿಂದೆ ಗಾಳಿ ತಪ್ಪಿಸಿಕೊಂಡು ಬಂದವು ಎದ್ದು ಬರುತ್ತವೆ. ಫ್ರಾನ್ಸಿನ ಚಳಿಗಾಲಕ್ಕೆ ನಮ್ಮ ಗಡಿಯಾರ ನಾಲ್ಕೂವರೆ ತಾಸು ಮುಂದೆ, ಹಾಗಾಗಿ ಅಲ್ಲಿಯ ಮಧ್ಯಾಹ್ನದ ಓಟ ಇಲ್ಲಿ ರಾತ್ರಿ ಅಡಿಕೆ ಸುಲಿಯುವ ಹೊತ್ತಿಗೆ ಬರುತ್ತದೆ. ಕೈ ಅಡಿಕೆಯಲ್ಲಿದ್ದರೂ ಕಿವಿ ಸಾಕು: ಕಾಮೆಂಟರಿಯಲ್ಲಿ ‘ಓ ಗಾಲೋ’ ಕೇಳಿದರೆ ಯಾವುದೋ ಕುದುರೆ ಲಯ ತಪ್ಪಿದೆ, ಆಗ ತಲೆ ಎತ್ತಿದರಾಯಿತು.

ಸ್ಟಾಕ್‌ಹೋಮಿನ ಸೊಲ್‌ವಾಲಾ ಟ್ರ್ಯಾಕಿನ ಎಲಿತ್‌ಲೋಪೆತ್ ಎಂಬ ರೇಸು ಮೇ ಕೊನೆಯ ವಾರಾಂತ್ಯದ್ದು. ಒಂದೇ ದಿನ ಎಂಟೆಂಟು ಕುದುರೆಗಳ ಎರಡು ಹೀಟ್ (ಅರ್ಹತಾ ಓಟ), ತಲಾ ನಾಲ್ಕು ಫೈನಲ್ಲಿಗೆ, ಎಲ್ಲವೂ ಒಂದು ಮೈಲಿ. 1,000 ಮೀಟರ್ ಟ್ರ್ಯಾಕಿನಲ್ಲಿ ಒಂದು ಮೈಲಿಗೆ ಮೂರು ತಿರುವು. ಮುಂದಿರುವ ಕುದುರೆಯ ಹೊರಮಗ್ಗುಲಲ್ಲಿ ಆಸರೆಯಿಲ್ಲದೆ ಓಡುವುದು ಎಷ್ಟು ದುಬಾರಿ ಎಂದು ಇಲ್ಲಿ ಲೆಕ್ಕ ಹಾಕಬಹುದು. ಒಳಗಿನ ಕುದುರೆಗಿಂತ 1.5 ಮೀಟರ್ ಆಚೆ ಓಡಿದರೆ ಪೂರ್ತಿ ಒಂದು ಸುತ್ತಿಗೆ 9.4 ಮೀಟರ್ ಹೆಚ್ಚು, ಮೂರು ತಿರುವಿಗೆ 14 ಮೀಟರ್. 1.10ರ ವೇಗದಲ್ಲಿ ಅದು ಒಂದು ಸೆಕೆಂಡ್, ಕಿ.ಮೀ. ಲೆಕ್ಕದಲ್ಲಿ 0.6. ಗಾಳಿಯ ಹೊಡೆತ ಬೇರೆ. ಹಾಗೆ ಓಡಿ ನಾಲ್ಕನೆಯದಾಗಿ ಬಂದ ಕುದುರೆಯ ಹೆಸರಿನ ಕೆಳಗೆ ನಾನು ಗೆರೆ ಎಳೆಯುತ್ತೇನೆ. ಒಳಗೆ ಹಾಯಾಗಿ ಓಡಿ ಗೆದ್ದದ್ದಕ್ಕಿಂತ ಎಷ್ಟೋ ಸಲ ಅದೇ ಮೇಲು.

ನಾಗಾಲೋಟದ ದೊಡ್ಡ ರೇಸುಗಳನ್ನೂ ನೋಡುತ್ತೇನೆ. ಮೆಲ್ಬರ್ನ್ ಕಪ್ ನವೆಂಬರ್ ಮೊದಲ ಮಂಗಳವಾರ ನಮ್ಮ ಬೆಳಿಗ್ಗೆ 9.30ಕ್ಕೆ, ತೆಳ್ಳೇವು ತಿಂದು ಕೂತರೆ ಸರಿ. ಕೆಂಟಕಿ ಡರ್ಬಿ ಮೇ ಮೊದಲ ಶನಿವಾರದ್ದು, ನಮಗೆ ಭಾನುವಾರ ನಸುಕಿನ ನಾಲ್ಕೂವರೆ ಸುಮಾರು. ಪ್ಯಾರಿಸಿನ ಆರ್ಕ್ ಅಕ್ಟೋಬರ್ ಮೊದಲ ಭಾನುವಾರ, 2,400 ಮೀಟರ್. ಯುರೋಪಿನ ಗಡಿಯಾರ ಮಾರ್ಚ್ ಮತ್ತು ಅಕ್ಟೋಬರ್ ಕೊನೆಯ ಭಾನುವಾರ ಬದಲಾಗುತ್ತದೆ, ಅಮೆರಿಕದ್ದು ಮಾರ್ಚ್ ಎರಡನೇ, ನವೆಂಬರ್ ಮೊದಲ ಭಾನುವಾರ. ನಡುವಿನ ವಾರಗಳಲ್ಲಿ ಒಂದು ತಾಸು ಹೆಚ್ಚುಕಡಿಮೆಯಾಗಿ ರೇಸ್ ತಪ್ಪುತ್ತದೆ.

ಜೂನ್‌ನಿಂದ ಇಲ್ಲಿ ಬೇರೆಯೇ ವ್ಯವಸ್ಥೆ ಬೇಕು. ಮಳೆ ಹಿಡಿದರೆ ಘಟ್ಟದ ಮೇಲೂ ಕರಾವಳಿಯಲ್ಲೂ ಕರೆಂಟ್ ಹೋಗುತ್ತದೆ, ತಾಸುಗಟ್ಟಲೆ ಬರದಿದ್ದರೆ ಟವರಿನ ಬ್ಯಾಟರಿಯೂ ಮುಗಿದು ನೆಟ್‌ವರ್ಕ್ ಸತ್ತುಹೋಗುತ್ತದೆ. ಹಾಗಾಗಿ ಕುದುರೆ ಪಟ್ಟಿಯನ್ನು ಹಿಂದಿನ ದಿನವೇ ಇಳಿಸಿಟ್ಟು, ಬೇಕಾದ ರೇಸನ್ನು ಕೈಬರಹದಲ್ಲಿ ಎತ್ತಿಕೊಳ್ಳುತ್ತೇನೆ. ಆಗಸ್ಟ್ ಮೊದಲ ಶನಿವಾರದ ಹ್ಯಾಂಬಲ್ಟೋನಿಯನ್, ನ್ಯೂಜೆರ್ಸಿಯ ಮೆಡೋಲ್ಯಾಂಡ್ಸ್‌ನಲ್ಲಿ ಮೂರು ವರ್ಷದ ಟ್ರಾಟರ್‌ಗಳದ್ದು, ನಮ್ಮ ನಡುರಾತ್ರಿಯ ಆಚೆ ಬೀಳುತ್ತದೆ. ಅದನ್ನು ನೇರ ನೋಡುವ ಆಸೆ ಬಿಟ್ಟು, ರೇಸಿನ ಆ್ಯಪ್‌ಗಳ ನೋಟಿಫಿಕೇಶನ್ ಬಂದ್ ಮಾಡಿ ಮಲಗುತ್ತೇನೆ. ನೆಟ್‌ವರ್ಕ್ ಬಂದ ಮೇಲೆ 240ಪಿಯಲ್ಲಿ ಎರಡೂವರೆ ನಿಮಿಷದ ವಿಡಿಯೊ ಐದಾರು ಎಂಬಿಗೆ ಸಿಗುತ್ತದೆ. ಆ ಗುಣಮಟ್ಟದಲ್ಲಿ ಕಾಲು ಸರಿಯಾಗಿ ಕಾಣುವುದಿಲ್ಲ, ತಲೆಯ ಏರಿಳಿತ ಮತ್ತು ಡ್ರೈವರಿನ ಬೆನ್ನು ನೋಡಿಯೇ ಲಯ ಗುರುತಿಸಬೇಕು.

ನೋಟ್‌ಬುಕ್ಕಿನಲ್ಲಿ ಒಂದು ಕುದುರೆಗೆ ಒಂದು ಪುಟ. ತಾರೀಕು, ಟ್ರ್ಯಾಕ್, ದೂರ, ಸ್ಟಾರ್ಟ್, ಲಾಳ, ಟೈಮ್, ಎಷ್ಟು ತಿರುವು ಹೊರಗೆ ಓಡಿತು, ಎಲ್ಲಿ ಲಯ ತಪ್ಪಿತು. ಸ್ಥಾನವನ್ನು ಕೊನೆಯ ಅಂಕಣದಲ್ಲಿ, ಉಳಿದದ್ದೆಲ್ಲ ತುಂಬಿದ ಮೇಲೆ ಬರೆಯುತ್ತೇನೆ.