ಹದಿಹರೆಯದ ಖಿನ್ನತೆಗೆ ಗಮನದ ತರಬೇತಿ: ಮನೆಯಲ್ಲಿ ಮಾಡಿಸುವ ಬಗೆ

ಖಿನ್ನತೆಯಲ್ಲಿರುವ ಹುಡುಗನೋ ಹುಡುಗಿಯೋ ‘ಎಲ್ಲವೂ ನನ್ನಿಂದಲೇ ಕೆಟ್ಟಿತು’ ಎಂಬಂಥ ಒಂದೇ ಯೋಚನೆಯನ್ನು ಗಂಟೆಗಟ್ಟಲೆ ಮೆಲುಕು ಹಾಕುವುದುಂಟು. ಯೋಚನೆ ತಾನಾಗಿ ಬಂದರೂ ಅದರ ಬೆನ್ನು ಹತ್ತಲೇಬೇಕೆಂದಿಲ್ಲ ಎಂಬುದನ್ನು ಅನುಭವದಿಂದ ಮನಗಾಣಿಸುವುದೇ ಗಮನದ ತರಬೇತಿ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಏಡ್ರಿಯನ್ ವೆಲ್ಸ್ 1990ರಲ್ಲಿ ವಿವರಿಸಿದ ಈ ವಿಧಾನಕ್ಕೆ ದಿನಕ್ಕೆ ಸುಮಾರು 12 ನಿಮಿಷ ಸಾಕು.

ಆದರೆ ಮೊದಲು ವೈದ್ಯರು. ಮಂಕು, ಸಿಡುಕು, ನಿದ್ರೆ ಊಟಗಳ ಏರುಪೇರು ಎರಡು ವಾರ ಬಿಡದಿದ್ದರೆ, ದಾವಣಗೆರೆಯವರು ಚಿಗಟೇರಿ ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರಿಗೆ ತೋರಿಸಬಹುದು. ಸಾಯುವ ಮಾತು ಬಂದರೆ ಕಾಯದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬೇಕು. ಈ ಅಭ್ಯಾಸವು ಮಾತ್ರೆಗೂ ಆಪ್ತಸಮಾಲೋಚನೆಗೂ ಬದಲಿಯಲ್ಲ. ವೈದ್ಯರಿಗೆ ತಿಳಿಸಿಯೇ ಆರಂಭಿಸಬೇಕು.

ಬೇರೆ ಬೇರೆ ದಿಕ್ಕಿನಿಂದ ಒಂದೇ ಸಮನೆ ಕೇಳುವ ಮೂರು ಸದ್ದುಗಳಾದರೂ ಬೇಕು: ತಲೆಯ ಮೇಲೆ ಫ್ಯಾನು, ಬಚ್ಚಲಿನಲ್ಲಿ ತೊಟ್ಟಿಕ್ಕುವ ನಲ್ಲಿ, ಕಿಟಕಿಯಾಚೆ ರಸ್ತೆ. (ಸ್ಟೇಷನ್ ಹತ್ತಿರದ ಮನೆಯವರು ರೈಲನ್ನು ಲೆಕ್ಕಕ್ಕೆ ಹಿಡಿಯಬಾರದು, ಅದು ಬಂದು ಹೋಗುವ ಅತಿಥಿ.) ಮಗು ಕಣ್ಣು ತೆರೆದೇ ಕುಳಿತು, ಗೋಡೆಯ ಒಂದು ಗುರುತಿನ ಮೇಲೆ ನೋಟ ನಿಲ್ಲಿಸಬೇಕು. ‘ಈಗ ನಲ್ಲಿಯ ಸದ್ದಷ್ಟೇ ಕೇಳಿಸ್ಕೋ’ ಎಂದು ನೀವು ಮೆಲುದನಿಯಲ್ಲಿ ಹೇಳುತ್ತ, ಮೊದಲ 5 ನಿಮಿಷ ಒಂದೊಂದೇ ಸದ್ದಿನ ಮೇಲೆ ಗಮನ ನಿಲ್ಲಿಸಲು ಬಿಡಿ. ಮುಂದಿನ 5 ನಿಮಿಷ ‘ಫ್ಯಾನು... ಈಗ ರಸ್ತೆ...’ ಎಂದು ಸದ್ದಿನಿಂದ ಸದ್ದಿಗೆ ಹೊರಳಿಸುತ್ತ, ಬರಬರುತ್ತ ಬೇಗ ಬೇಗ ಬದಲಿಸಿ. ಕೊನೆಯ 2 ನಿಮಿಷ ಎಲ್ಲ ಸದ್ದುಗಳನ್ನೂ ಒಟ್ಟಿಗೇ ಕೇಳಿಸಿಕೊಳ್ಳಲಿ.

ಹೆತ್ತವರು ಎಡವುವುದು ಇಲ್ಲಿಯೇ. ಇದು ಪಿಯುಸಿ ಅಂಕ ಹೆಚ್ಚಿಸುವ ಏಕಾಗ್ರತೆಯ ಪಾಠವಲ್ಲ, ಬೇಡದ ಯೋಚನೆಯನ್ನು ಓಡಿಸುವ ಉಪಾಯವೂ ಅಲ್ಲ. ನಡುವೆ ಯೋಚನೆ ಬಂದರೆ ಅದನ್ನು ಇನ್ನೊಂದು ಸದ್ದೆಂದೇ ಬಗೆದು, ಅದರೊಡನೆ ವಾದಿಸದೆ, ಹೇಳಿದ ಸದ್ದಿಗೆ ಮರಳಿದರಾಯಿತು. ಹಾಗೆಂದೇ ಮಗು ಅಳುತ್ತಿರುವಾಗ ಸಮಾಧಾನಕ್ಕೆಂದು ಇದನ್ನು ಹಚ್ಚಬಾರದು. ಶಾಲೆ ಕಾಲೇಜಿನಿಂದ ಬಂದು ಕೈಕಾಲು ತೊಳೆದ ಮೇಲೆ, ದಿನವೂ ಒಂದೇ ಹೊತ್ತಿಗೆ ಮಾಡಿಸುವುದು ಒಳ್ಳೆಯದು.

ಅಭ್ಯಾಸಕ್ಕೆ ಮೊದಲೂ ಆಮೇಲೂ ಗಮನ ಎಷ್ಟು ತನ್ನೊಳಗಿದೆ, ಎಷ್ಟು ಹೊರಗಿದೆ ಎಂದು ಮಗುವನ್ನೇ ಕೇಳಿ, ಅದು ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಎರಡು ಮೂರು ವಾರವಾದರೂ ವ್ಯತ್ಯಾಸ ಕಾಣದಿದ್ದರೆ ಮಗುವನ್ನು ಗದರದೆ, ಆ ನೋಟ್‌ಬುಕ್ಕನ್ನೇ ವೈದ್ಯರ ಮುಂದಿಡಿ.