ಮನೆಯಲ್ಲೇ ಮಲ್ಲಿಗೆ, ಸುರಗಿಗಳ ಗಟ್ಟಿ ಸುಗಂಧ ತಯಾರಿಸುವ ಕ್ರಮ

ಹೂವಿನ ಪರಿಮಳವನ್ನು ಎಣ್ಣೆಗೆ ಇಳಿಸಿ, ಮೈಗೆ ಹಚ್ಚಿಕೊಳ್ಳುವ ಮುಲಾಮಿನಂಥ ಗಟ್ಟಿ ಸುಗಂಧ ಮಾಡಲು ಹೊರಟವರು ಯಾವ ಹೂವು ಬಿಸಿಯನ್ನು ತಾಳುತ್ತದೆ, ಯಾವುದು ತಾಳುವುದಿಲ್ಲ ಎಂಬುದನ್ನು ಮೊದಲು ತಿಳಿದಿರಬೇಕು. ಸುರಗಿ ಮತ್ತು ರೆಂಜೆ ಒಣಗಿದ ಮೇಲೂ ಕಂಪನ್ನು ಕಳೆದುಕೊಳ್ಳುವುದಿಲ್ಲ. ಲಾವಂಚದ ಬೇರಿನ ಘಮವಂತೂ ಬಹುಕಾಲ ಉಳಿಯುತ್ತದೆ. ಮಲ್ಲಿಗೆ ಹಾಗಲ್ಲ. ಅದನ್ನು ಬಿಸಿ ಎಣ್ಣೆಗೆ ಹಾಕಿದರೆ ಬೆಂದ ಸೊಪ್ಪಿನ ವಾಸನೆಯಷ್ಟೇ ಉಳಿಯುತ್ತದೆ. ಆದ್ದರಿಂದ ಬಿಸಿಯ ಕೆಲಸವನ್ನೆಲ್ಲ ಮುಗಿಸಿಕೊಂಡು, ಮಲ್ಲಿಗೆಯನ್ನು ಕೊನೆಯಲ್ಲಿ ತಣ್ಣಗೆ ಸೇರಿಸುವುದೇ ಸರಿಯಾದ ಕ್ರಮ.

ಸಂಸ್ಕರಿಸಿದ ಕೊಬ್ಬರಿ ಎಣ್ಣೆಗೆ ಪೂರ್ತಿ ಒಣಗಿದ ಸುರಗಿ ಹೂವನ್ನು ಒಂದು ಹಿಡಿಯಷ್ಟೂ, ಸಣ್ಣಗೆ ಕತ್ತರಿಸಿದ ಲಾವಂಚವನ್ನು ಅದರ ಅರ್ಧದಷ್ಟೂ ಹಾಕಿ, ಆ ಪಾತ್ರೆಯನ್ನು ಕುದಿಯದ ಬಿಸಿನೀರಿನೊಳಗೆ ಎರಡು ಮೂರು ಗಂಟೆ ಇಡಬೇಕು. ಗಾಣದ ಎಣ್ಣೆ ಅಡುಗೆಗೆ ಎಷ್ಟೇ ಚೆನ್ನಾಗಿದ್ದರೂ ಅದರ ತೆಂಗಿನ ವಾಸನೆ ಹೂವಿನ ಮೇಲೆ ಸವಾರಿ ಮಾಡುವುದರಿಂದ ಇಲ್ಲಿಗೆ ಹೊಂದುವುದಿಲ್ಲ. ಸೋಸಿದ ಬಳಿಕ 100 ಗ್ರಾಂ ಎಣ್ಣೆಗೆ 10 ಗ್ರಾಂ ಜೇನುಮೇಣ ಸೇರಿಸಿ, ಅದೇ ಬಿಸಿನೀರಿನಲ್ಲಿ ಕರಗಿಸಿ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುತ್ತದೆ; ಮಲ್ಲಿಗೆ ಹೇರಳವಾಗಿ ಬಿಡುವುದೋ ಬೇಸಿಗೆಯಲ್ಲಿ. ಹೀಗಾಗಿ ಮೇಣವಿಲ್ಲದೆ ಎಣ್ಣೆ ಗಟ್ಟಿಯಾಗಿ ನಿಲ್ಲುವುದಿಲ್ಲ, ಕರಾವಳಿಯ ಸೆಕೆಗೆ 15 ಗ್ರಾಂ ಬೇಕಾದೀತು. ಮಿಶ್ರಣ ಆರುತ್ತಿರುವಾಗ ಅಸಲಿ ಗಂಧದೆಣ್ಣೆಯ 15 ಹನಿ ಬೆರೆಸಿ. ಅದು ಬಹಳ ನಿಧಾನವಾಗಿ ಆವಿಯಾಗುವುದರಿಂದ ಮಲ್ಲಿಗೆಯ ಕಂಪನ್ನು ಮೈಮೇಲೆ ಹೆಚ್ಚು ಹೊತ್ತು ಹಿಡಿದಿಡುತ್ತದೆ. ಅಗ್ಗಕ್ಕೆ ಸಿಗುವ ಕಲಬೆರಕೆ ಎಣ್ಣೆಗಿಂತ ಗಂಧವನ್ನು ಬಿಟ್ಟುಬಿಡುವುದೇ ಮೇಲು. ಈ ಮಿಶ್ರಣವನ್ನು ಅಗಲವಾದ ಗಾಜಿನ ತಟ್ಟೆಯಲ್ಲಿ ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಸುರಿದು ಗಟ್ಟಿಯಾಗಲು ಬಿಡಿ.

ಕೊಯ್ದ ಮೇಲೂ ಮಲ್ಲಿಗೆಯ ಮೊಗ್ಗು ಅರಳುತ್ತದೆ, ಅರಳುತ್ತಾ ಹೊಸದಾಗಿ ಪರಿಮಳವನ್ನು ಹೊಮ್ಮಿಸುತ್ತದೆ. ತಣ್ಣಗಿನ ಕೊಬ್ಬು, ಅಂದರೆ ತಟ್ಟೆಯಲ್ಲಿ ಗಟ್ಟಿಯಾದ ಈ ಎಣ್ಣೆ-ಮೇಣದ ಮಿಶ್ರಣ, ಅದನ್ನು ಹೀರಿಕೊಳ್ಳುತ್ತದೆ. ಫ್ರಾನ್ಸಿನ ಗ್ರಾಸ್ ಪಟ್ಟಣದ ಸುಗಂಧ ತಯಾರಕರು ಹಿಂದೆ ನೆಚ್ಚಿಕೊಂಡಿದ್ದ ವಿಧಾನವಿದು. ನಮ್ಮ ದೇಶದಲ್ಲಿ ಎಳ್ಳನ್ನು ಹೂವಿನ ಪದರಗಳ ನಡುವೆ ಇಟ್ಟು, ಕಂಪು ಹಿಡಿದ ಮೇಲೆ ಗಾಣಕ್ಕೆ ಹಾಕುತ್ತಿದ್ದುದೂ ಇದೇ ತತ್ತ್ವದಿಂದ. ಮೈಸೂರು ಮಲ್ಲಿಗೆಯಾಗಲಿ, ಶಂಕರಪುರದ ಮಲ್ಲಿಗೆಯಾಗಲಿ, ಸಂಜೆ ಬಿರಿಯುವ ಹೊತ್ತಿನ ಮೊಗ್ಗುಗಳನ್ನು ಆರಿಸಿಕೊಂಡು, ಹಸಿರು ತೊಟ್ಟನ್ನು ಬಿಡಿಸಿ, ಬಾಯಿ ಕೆಳಗಾಗುವಂತೆ ಕೊಬ್ಬಿನ ಮೇಲೆ ಒತ್ತೊತ್ತಾಗಿ ಜೋಡಿಸಿ, ಇನ್ನೊಂದು ತಟ್ಟೆಯನ್ನು ಮುಚ್ಚಬೇಕು. ಪೇಟೆಯ ಮಾಲೆಯನ್ನು ಬಳಸದಿರುವುದು ಲೇಸು, ಏಕೆಂದರೆ ನೀರು ಚಿಮುಕಿಸಿದ ಹೂವು ಬೂಸಲು ತರುತ್ತದೆ, ಕೀಟನಾಶಕ ಸಿಂಪಡಿಸಿದ್ದರೆ ಅದೂ ಕೊಬ್ಬಿಗೆ ಇಳಿಯುತ್ತದೆ. ಹಿತ್ತಲಿನ ಗಿಡವಿದ್ದವರಿಗೆ ಈ ತೊಂದರೆಯಿಲ್ಲ.

ಮರುದಿನ ಸಂಜೆ ಬಾಡಿದ ಹೂವುಗಳನ್ನು ಒಂದೂ ಉಳಿಯದಂತೆ ಎತ್ತಿ, ಹೊಸ ಮೊಗ್ಗು ಜೋಡಿಸಬೇಕು. ಎಸಳು ಕಂದಿದ ಮೇಲೂ ಬಿಟ್ಟರೆ ಹುಳಿ ವಾಸನೆ ಸೇರಿಕೊಳ್ಳುತ್ತದೆ. ಹೀಗೆ 10ರಿಂದ 15 ಸಲ ಬದಲಾಯಿಸಿದರೆ ಕಂಪು ನೆಲೆಗೊಳ್ಳುತ್ತದೆ. ನಡುವೆ ಒಂದು ದಿನ ಮೊಗ್ಗು ಸಿಗದಿದ್ದರೆ ತಟ್ಟೆಯನ್ನು ಮುಚ್ಚಿ ತಂಪಾದ ಜಾಗದಲ್ಲಿಟ್ಟರಾಯಿತು. ಸಂಪಿಗೆಯನ್ನೂ ಬಳಸಬಹುದಾದರೂ ಅದು ಮಲ್ಲಿಗೆಯನ್ನು ಮುಳುಗಿಸಿಬಿಡುವುದರಿಂದ ಬೇರೆ ತಟ್ಟೆಯಲ್ಲಿಡುವುದು ಜಾಣತನ.

ಕೊನೆಗೆ ಮತ್ತೆ ಕರಗಿಸದೆ, ಚಮಚದಿಂದ ಕೆರೆದು ಒಣಗಿದ ಪುಟ್ಟ ಡಬ್ಬಿಗಳಿಗೆ ತುಂಬಿ, ಬಿಸಿಲು ಬೀಳದಲ್ಲಿ ಇಡಿ. ಕಮಟು ವಾಸನೆ ಬಂದರೆ ಎಸೆಯಬೇಕು. ಮೊದಲ ಸಲ ಮುಂಗೈ ಒಳಭಾಗಕ್ಕೆ ಸ್ವಲ್ಪವೇ ಹಚ್ಚಿ, ಒಂದು ದಿನ ತುರಿಕೆಯಾಗಲಿ ಕೆಂಪಾಗಲಿ ಕಾಣಿಸದಿದ್ದರೆ ಮಣಿಕಟ್ಟಿಗೂ ಕಿವಿಯ ಹಿಂದಕ್ಕೂ ಹಚ್ಚಿಕೊಳ್ಳಬಹುದು. ರೇಷ್ಮೆ ಸೀರೆಗೆ ಮಾತ್ರ ತಾಗಿಸಬೇಡಿ. ಎಣ್ಣೆಯ ಕಲೆ ಸುಲಭವಾಗಿ ಹೋಗುವುದಿಲ್ಲ.