ಈಜುಗೊಳದ ಮೇಲೆ ಸಾಗವಾನಿಯನ್ನೇ ಉಳಿಸಿದ್ದು

ಧಾರವಾಡದ ಹಳೇ ಒಳಾಂಗಣ ಈಜುಗೊಳವೊಂದನ್ನು ದುರಸ್ತಿ ಮಾಡಿ, ಪಕ್ಕದಲ್ಲಿ ಮಕ್ಕಳ ಕೊಳ ಸೇರಿಸುವ ಕೆಲಸ ನನಗೆ ಬಂತು. ಮೇಲೆ ಸಾಗವಾನಿ ಟ್ರಸ್ (ಚಾವಣಿ ಹೊರುವ ತ್ರಿಕೋನದ ಚೌಕಟ್ಟು), ಮಂಗಳೂರು ಹಂಚು. ಕಮಿಟಿಯವರದ್ದು ಒಂದೇ ಮಾತು: ಕಟ್ಟಿಗೆ ತೆಗೆದು ಕಬ್ಬಿಣ ಹಾಕಿ.

ನಾನು ಬಡಿಗೇರ ಕಾಕಾ ಜೊತೆ ಮೇಲೆ ಹತ್ತಿದೆ. ಅವರು ತೊಲೆಗಳಿಗೆ ಉಳಿ ಒತ್ತುತ್ತಾ ಹೋದರು, ಎಲ್ಲೂ ಇಳಿಯಲಿಲ್ಲ. ಗೋಡೆಯೊಳಗೆ ಹೂತಿದ್ದ ತುದಿಗಳು ಮಾತ್ರ ಮೆತ್ತಗಾಗಿದ್ದವು. ಆಮೇಲೆ ಒಂದು ಬೋಲ್ಟ್ ಬಿಚ್ಚಿದೆವು. ಹೊರಗೆ ತಲೆ ದಪ್ಪಗೇ ಇದೆ, ಒಳಗೆ ಪೆನ್ಸಿಲ್‌ನಷ್ಟು ಸವೆದಿದೆ! "ಸರ್ರ, ಕಟ್ಟಿಗಿಗೆ ಏನೂ ಆಗಿಲ್ರಿ, ಹೋಗಿದ್ದು ಕಬ್ಬಿಣ" ಅಂದರು ಕಾಕಾ.

ಕಾರಣ ಗಾಳಿಯಲ್ಲಿದೆ. ನೀರಿನ ಕ್ಲೋರಿನ್ ಬೆವರು, ಮೂತ್ರದ ಜೊತೆ ಸೇರಿ ಕ್ಲೋರಮೈನ್ ಆಗುತ್ತೆ. ಅದು ಆವಿಯ ಜೊತೆ ಮೇಲೇರಿ ಲೋಹದ ಮೇಲೆ ಕೂರುತ್ತೆ. ಸ್ಟೇನ್‌ಲೆಸ್ ಸ್ಟೀಲ್ ಹಾಕಿದರೆ ಸಾಕು ಅಂತ ಸುಮ್ನೆ ಇರುವಂತಿಲ್ಲ. 1985ರಲ್ಲಿ ಸ್ವಿಟ್ಜರ್ಲೆಂಡಿನ ಊಸ್ಟರ್‌ನಲ್ಲಿ ಈಜುಗೊಳದ ಕಾಂಕ್ರೀಟ್ ಚಾವಣಿ ಬಿದ್ದು 12 ಜನ ಸತ್ತರು. ಅದನ್ನು ಹಿಡಿದಿದ್ದ ಸ್ಟೇನ್‌ಲೆಸ್ ಕಡ್ಡಿಗಳು, ಕ್ಲೋರಿನ್‌ನಿಂದಲೇ ಆಗುವ ಕ್ಲೋರೈಡ್‌ನಿಂದ ಬಿರುಕು ಬಿಟ್ಟಿದ್ದವು. ಈ ಘಟನೆ ಹೇಳಿದ ಮೇಲೇ ಕಮಿಟಿ ಒಪ್ಪಿದ್ದು.

ಕೊಳೆತ ತುದಿಗಳನ್ನು ಕತ್ತರಿಸಿ, ಹಳಿಯಾಳದ ಡಿಪೋದಿಂದ ತಂದ ಸಾಗವಾನಿಯನ್ನು ಓರೆಯಾಗಿ ಬೆಸೆದೆವು. ಈ ಸಲ ತುದಿಯ ಸುತ್ತ ಗಾಳಿ ಆಡಲು ಸಂದು ಬಿಟ್ಟಿದ್ದೇವೆ. ಮರ ಅಡ್ಡಕ್ಕೆ ಹಿಗ್ಗಿ ಕುಗ್ಗುತ್ತೆ, ಉದ್ದಕ್ಕೆ ಅಷ್ಟಾಗಿ ಇಲ್ಲ. ಹಾಗಾಗಿ ಮರವನ್ನು ಜೋಡಿಸುವ ಪಟ್ಟಿಗಳಲ್ಲಿ ಬೋಲ್ಟ್ ತೂತು ಅಡ್ಡ ದಿಕ್ಕಿನಲ್ಲಿ ಉದ್ದ. ಬೋಲ್ಟ್‌ಗಳು ದಪ್ಪ ಸತು ಲೇಪಿಸಿದವು, ಎಲ್ಲವೂ ಕಣ್ಣಿಗೆ ಕಾಣುವಂತಿವೆ.

ಹೊಸ ಭಾಗದ ಕೆಳಗೆ ಎರೆ ಮಣ್ಣು. ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿಯುವ ಮಣ್ಣದು. ಅದನ್ನು ತೆಗೆದು ಗರಸು ತುಂಬಿ ಬಡಿದೆವು. ಹಳೇ ಗೋಡೆಗೆ ಹೊಸದನ್ನು ಕಟ್ಟಲಿಲ್ಲ, ನಡುವೆ ಸಂದು ಇಟ್ಟೆವು. ಹೊಸ ಕಂಬಗಳು ನೆಲಕ್ಕೆ ತಾಗದೆ ಗ್ರಾನೈಟ್ ಪೀಠದ ಮೇಲೆ ನಿಂತಿವೆ.

ಮರದ ತೇವ ಶೇ. 20 ದಾಟಿದರೆ ಬೂಷ್ಟು ಬೆಳೆಯುತ್ತೆ. ಅದಕ್ಕೇ ಎತ್ತರದಲ್ಲಿ ಎಕ್ಸಾಸ್ಟ್ ಫ್ಯಾನ್, ಕೆಳಗೆ ಗಾಳಿಕಿಂಡಿ. ಧಾರವಾಡದ ಜಿಟಿಜಿಟಿ ಮಳೆ ಗೊತ್ತಲ್ವಾ, ಆಗಂತೂ ಫ್ಯಾನ್ ನಿಲ್ಲಿಸಬಾರದು.

ಮಳೆಗಾಲ ಮುಗಿದ ಮೇಲೆ ಪ್ರತಿ ವರ್ಷ ಕೆಲವು ಬೋಲ್ಟ್ ಬಿಚ್ಚಿ ನೋಡಬೇಕು ಅಂತ ಕಮಿಟಿಯಿಂದ ಬರೆಸಿಕೊಂಡಿದ್ದೇನೆ. ಅಲ್ಲಿಗೆ ಹೋಗಲು ಟ್ರಸ್‌ಗಳ ನಡುವೆ ಹಲಗೆ ದಾರಿಯನ್ನೂ ಮಾಡಿಕೊಟ್ಟಿದ್ದೇವೆ.